ಓ ಎನ್ನದ ಮನೆ

ನಮ್ಮೂರಿನಲ್ಲಿ ಬೆಳಿಗ್ಗೆ ನಿಮ್ಮ ಬಾಗಿಲ ಮುಂದೆ ಹಾಕಿದ ರಂಗೋಲಿ ಸಂಜೆಗೆ ಇನ್ನೊಬ್ಬರ ಬಾಗಿಲ ಮುಂದಿರುತ್ತದೆ. ಮಧ್ಯಾಹ್ನ ಉಂಡು ಊರೆಲ್ಲ ಒಂದು ಜೊಂಪು ತೆಗೆಯುವ ಹೊತ್ತಿಗೆ ಮನೆಗಳು ಎದ್ದು ಜಾಗ ಬದಲಿಸುತ್ತವೆ. ಅಂಗಡಿ, ಶಾಲೆ, ಗಿರಣಿ, ಪುರಸಭೆ ಇದ್ದಲ್ಲೇ ಇರುತ್ತವೆ. ಓಣಿಗಳೂ ಕದಲುವುದಿಲ್ಲ. ಒಲೆ ಹೊತ್ತಿಸಿ ಹಾಸಿಗೆ ಹಾಸುವ ಮನೆಗಳು ಮಾತ್ರ ಒಂದು ಓಣಿ ಬಿಟ್ಟು ಇನ್ನೊಂದಕ್ಕೆ ಹೋಗಿ ನಿಲ್ಲುತ್ತವೆ. ಒಳಗಿದ್ದವರಿಗೆ ಜೋಕಾಲಿಯಲ್ಲಿ ಕೂತ ಹಾಗೆ ತುಸು ತೂಗಿದಂತಾಗುತ್ತದೆ, ಅಷ್ಟೇ. ಒಲೆಯ ಮೇಲಿನ ಹಾಲು ಕೂಡ ತುಳುಕುವುದಿಲ್ಲ.

ಮಲ್ಲಿಗೆಯನ್ನು ಇಲ್ಲಿ ಯಾರೂ ನೆಲದಲ್ಲಿ ನೆಡುವುದಿಲ್ಲ, ಡಬ್ಬಿಯಲ್ಲಿ ಬೆಳೆಸಿ ಕಟ್ಟೆಯ ಮೇಲಿಡುತ್ತೇವೆ. ಮೊಸರಿಗೆ ಹೆಪ್ಪು ಬೇಕಾದರೆ ಅವತ್ತು ಮಗ್ಗುಲಿಗೆ ಯಾರು ಬಂದಿದ್ದಾರೋ ಅವರ ಕದ ತಟ್ಟುತ್ತೇವೆ. ಒಯ್ದ ಜರಡಿ ಮರಳಿ ಕೊಡಲು ಯಾರಾದರೂ ಮರೆತರೆ, ಅದು ನಾಲ್ಕಾರು ಮನೆಗಳ ಹಿಟ್ಟು ಕಂಡು, ಒಂದು ದಿನ ತಾನಾಗಿ ನಮ್ಮ ಪಕ್ಕಕ್ಕೆ ಬಂದು ನಿಲ್ಲುತ್ತದೆ. ನೆರೆಹೊರೆಯ ಜಗಳ ಒಂದು ಮಧ್ಯಾಹ್ನ ದಾಟಿ ಬಾಳಿದ್ದನ್ನು ನಾನು ನೋಡಿಲ್ಲ. ಮಗಳಿಗೆ ಗಂಡು ಹುಡುಕುವವರು ಮನೆ ಯಾವ ಓಣಿಯಲ್ಲಿದೆ ಎಂದು ಕೇಳುವುದಿಲ್ಲ, ಮನೆಯ ಹೆಸರು ಕೇಳುತ್ತಾರೆ.

ತೊಂದರೆ ಇದ್ದದ್ದು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರಿಗೆ. ನಮ್ಮಪ್ಪನ ಕಾಲದಲ್ಲಿ ಗಿರಣಿಯ ಸೀಟಿ ಆದ ಮೇಲೆ ಜನ ಓಣಿ ಓಣಿ ತಿರುಗಿ ತಮ್ಮ ಮನೆ ಹುಡುಕುತ್ತಿದ್ದರಂತೆ. ಸುಸ್ತಾದವರು ಯಾರದೋ ಮನೆಯಲ್ಲಿ ಉಂಡು ಯಾರದೋ ಕಟ್ಟೆಯ ಮೇಲೆ ಮಲಗುತ್ತಿದ್ದರಂತೆ. ಈಗ ಹಾಗಿಲ್ಲ. ಪ್ರತಿ ಮನೆಯ ಚಾವಣಿಯ ಜಂತಿಗೂ ಒಂದು ಚಿಕ್ಕ ಡಬ್ಬಿ ಕಟ್ಟಿದ್ದೇವೆ. ರೇಡಿಯೋದಲ್ಲಿ ಮನೆಯ ಹೆಸರು ಹಿಡಿದು ಕರೆದರೆ ಅದು ‘ಓ, ಇಲ್ಲಿದ್ದೇನೆ’ ಎಂದು ಉತ್ತರ ಕೊಡುತ್ತದೆ. ಅದಕ್ಕೇ ಜನ ಅದನ್ನು ಓ-ಡಬ್ಬಿ ಎನ್ನುತ್ತಾರೆ. ಮೂಲೆಮೂಲೆಯಲ್ಲೂ ಒಂದೊಂದು ಕಂಬವಿದೆ. ಕಂಬಕ್ಕೆ ಮನೆಯ ಹೆಸರು ಹೇಳಿದರೆ ಸಾಕು, ಅದು ಇಂಥ ಓಣಿಯಲ್ಲಿ ಇಂಥ ಕಡೆ ಇದೆ ಎಂದು ಹೇಳುತ್ತದೆ.

ನನ್ನ ಹೆಸರು ವತ್ಸಲಾ. ಕಂಬಗಳಿಗೆ ಮಾತು ಕೊಡುವ ಕೆಲಸ ನನ್ನದು. ಅದಕ್ಕಾಗಿ ಮೂರು ಲಿನಕ್ಸ್ ಸರ್ವರ್‌ಗಳಿವೆ. ಒಂದು ಪುರಸಭೆಯ ಹಿಂದಿನ ಕೋಣೆಯಲ್ಲಿ, ಒಂದು ವಾಚನಾಲಯದಲ್ಲಿ, ಇನ್ನೊಂದು ಬಸ್ ನಿಲ್ದಾಣದ ಚಹಾ ಅಂಗಡಿಯ ಅಟ್ಟದ ಮೇಲೆ. ದುಡಿಯುವುದು ಒಂದು ಸಲಕ್ಕೆ ಒಂದೇ. ಉಳಿದೆರಡು ಅದರ ಉಸಿರು ಕೇಳಿಸಿಕೊಳ್ಳುತ್ತ ಸಜ್ಜಾಗಿ ಕೂತಿರುತ್ತವೆ. ದುಡಿಯುವುದು ಕುಸಿದರೆ ಇನ್ನೊಂದು ಎದ್ದು ಹೊರೆಗೆ ಹೆಗಲು ಕೊಡುತ್ತದೆ. ಯಾರು ಏಳಬೇಕು, ಯಾರು ಕೂರಬೇಕು ಎಂದು ನೋಡಿಕೊಳ್ಳುವ ಪ್ರೋಗ್ರಾಮನ್ನು ಪುಸ್ತಕದಲ್ಲಿ ಕ್ಲಸ್ಟರ್ ಮ್ಯಾನೇಜರ್ ಎಂದು ಕರೆದಿದ್ದಾರೆ. ನಾನು ಮತ್ತು ನನ್ನ ಜೊತೆಗಾರ ಇಸ್ಮಾಯಿಲ್ ಅದನ್ನು ಮುಕಾದಮ ಎನ್ನುತ್ತೇವೆ. ಗುಣವೂ ಆಳುಗಳ ಮೇಸ್ತ್ರಿಯದೇ. ಹೇಳಿದ ಹೊತ್ತಿಗೆ ಆಳು ಎದ್ದು ನಿಲ್ಲದಿದ್ದರೆ ಅವನನ್ನು ಕೆಡವಿ ಮುಂದಿನವನನ್ನು ಕರೆಯುತ್ತದೆ. ಮನೆಗಳು ಓಡಾಡುವಾಗ ಕಂಬಗಳು ತಪ್ಪು ದಾರಿ ಹೇಳಬಾರದೆಂದು ಮಧ್ಯಾಹ್ನ ಕೆಲಸ ನಿಲ್ಲಿಸಿ, ಎಲ್ಲ ನಿಂತ ಮೇಲೆ ಹೊಸದಾಗಿ ಶುರು ಮಾಡುತ್ತೇವೆ. ದಿನಾ ಅದು ತಾನಾಗಿ ಏಳುತ್ತದೆ. ನಾನು ಚಹಾ ಕುಡಿಯುತ್ತಿರುತ್ತೇನೆ.

ಅವತ್ತೂ ಚಹಾದ ಬಟ್ಟಲು ಕೈಯಲ್ಲಿತ್ತು. ಇಸ್ಮಾಯಿಲ್ ಬಾಗಿಲಿಗೆ ಬಂದು, “ಅಕ್ಕಾರ, ಕಂಬ ಮಾತಾಡವಲ್ವು ನೋಡ್ರಿ,” ಎಂದ. ಅವನು ರೇಡಿಯೋ, ತಂತಿ, ಏಣಿಯ ಕೆಲಸ ನೋಡಿಕೊಳ್ಳುವವನು. ಕಂಬ ಕೆಟ್ಟರೆ ಬೈಗಳು ಮೊದಲು ತಲುಪುವುದು ಅವನಿಗೇ.

“ಯಾವ ಕಂಬೋ?”

“ಯಾವ ಅಂತ ಕೇಳಬ್ಯಾಡ್ರಿ. ಒಂದೂ ಮಾತಾಡವಲ್ವು.”

ಪರದೆಯ ಮುಂದೆ ಕೂತೆ. ಮೂರು ಯಂತ್ರಗಳೂ ಎಚ್ಚರವಾಗಿದ್ದವು, ಒಂದಕ್ಕೊಂದು ಮಾತಾಡುತ್ತಿದ್ದವು. ಆದರೆ ಮನೆ ಹುಡುಕುವ ಸರ್ವಿಸ್ ಎಲ್ಲಿಯೂ ನಡೆಯುತ್ತಿರಲಿಲ್ಲ. ಮುಕಾದಮ ಅದನ್ನು ವಾಚನಾಲಯದಲ್ಲಿ ಎಬ್ಬಿಸಲು ನೋಡಿ, ಸೋತು, ಚಹಾ ಅಂಗಡಿಗೆ ಹೋಗಿ, ಅಲ್ಲಿಯೂ ಸೋತು, ಪುರಸಭೆಗೆ ಬಂದು ಸೋತಿತ್ತು. ಮೂರೂ ಕಡೆ ಸೋತ ಮೇಲೆ ಕೈ ತೊಳೆದುಕೊಂಡು ಕೂತಿತ್ತು. ಹಾಗೆ ಕೂತರೆ ಅದು ತಾನಾಗಿ ಮತ್ತೆ ಯತ್ನಿಸುವುದಿಲ್ಲ. ಹಳೆಯ ಸೋಲನ್ನು ಒರೆಸಿ, ಇನ್ನೊಮ್ಮೆ ನೋಡಪ್ಪಾ ಎಂದು ನಾವೇ ಹೇಳಬೇಕು. ಒರೆಸಿದೆ, ಹೇಳಿದೆ. ಮತ್ತದೇ ಆಯಿತು. ಏಳತೊಡಗುತ್ತದೆ, ಸ್ವಲ್ಪ ಹೊತ್ತಾಗುತ್ತದೆ, ಸತ್ತಿತು ಎಂದು ಪರದೆ ಹೇಳುತ್ತದೆ. ವಾಚನಾಲಯ, ಚಹಾ ಅಂಗಡಿ, ಪುರಸಭೆ, ಮೂರು ಕಡೆಯೂ.

“ಮೂರನ್ನೂ ಆರಿಸಿ ಮತ್ತ ಹಚ್ಚೂಣೇನ್ರಿ?” ಎಂದು ಇಸ್ಮಾಯಿಲ್ ಕೇಳಿದ. ಎಲ್ಲ ಕಾಯಿಲೆಗೂ ಅವನದು ಇದೊಂದೇ ಔಷಧ, ಎಷ್ಟೋ ಸಲ ಅದು ನಾಟಿಯೂ ಇದೆ.

“ತಡೀ. ಯಾಕ ಬೀಳಾಕ ಹತ್ತೇತಿ ಅನ್ನೂದು ತಿಳೀಲಿ. ಇಲ್ಲಾಂದ್ರ ನಾಳಿನೂ ಇದ ಹಾಡು.”

ಅಷ್ಟರಲ್ಲಿ ಗಿರಣಿಯ ಸೀಟಿ ಕೂಗಿತು. ಸ್ವಲ್ಪ ಹೊತ್ತಿಗೆ ಪುರಸಭೆಯ ಮುಂದಿನ ಚೌಕ ತುಂಬತೊಡಗಿತು. ನೂಲಿನ ಗಿರಣಿಯ ಹೆಂಗಸರು, ಶಾಲೆಯ ಮಾಸ್ತರರು, ಬುಟ್ಟಿ ಹೊತ್ತವರು ಕಂಬದ ಮುಂದೆ ನಿಂತು ತಮ್ಮ ಮನೆಯ ಹೆಸರು ಕೂಗಿ, ಉತ್ತರ ಬಾರದೆ, ಕಂಬಕ್ಕೆ ಎರಡೇಟು ಕೊಟ್ಟು ನನ್ನ ಕಿಟಕಿಯ ಕಡೆ ತಿರುಗುತ್ತಿದ್ದರು. ಅವರ ನಡುವಿನಿಂದ ನಮ್ಮ ಅಧ್ಯಕ್ಷರು ರಾಚಪ್ಪನವರು ಹಾಗಲಕಾಯಿಯ ಚೀಲ ಹಿಡಿದುಕೊಂಡೇ ಒಳಗೆ ಬಂದರು.

“ಬಾಯಾರ, ಏನ್ ಇದು? ಮನಿಯಾಗ ಬೀಗರು ಬಂದ ಕುಂತಾರ. ನಾ ಇನ್ನ ನಮ್ಮ ಮನಿ ಎಲ್ಲೇತಿ ಅಂತ ಹುಡಕಾಕ ಹತ್ತೇನಿ.”

“ನೋಡಾಕ ಹತ್ತೇನ್ರಿ ಅಧ್ಯಕ್ಷರ. ಕುಂದರ್ರಿ.”

ಮುಕಾದಮನಿಗೆ ಸುಮ್ಮನಿರಲು ಹೇಳಿ, ಸರ್ವಿಸನ್ನು ನಾನೇ ಕೈಯಿಂದ ಎಬ್ಬಿಸಿದೆ. ಹೀಗೆ ಎಬ್ಬಿಸಿದರೆ ಹೊತ್ತು ನೋಡಿ ಕೆಡವುವವರು ಯಾರೂ ಇರುವುದಿಲ್ಲ. ಅದು ಸಾಯಲಿಲ್ಲ. ಮನೆಗಳನ್ನು ಒಂದೊಂದಾಗಿ ಕರೆಯುತ್ತ ಹೋಯಿತು, ಅವೂ ಓ ಎನ್ನುತ್ತ ಬಂದವು. ಕೊನೆಯಲ್ಲಿ ಒಂದು ಹೆಸರಿಗೆ ಬಂದು ನಿಂತು, ಅದನ್ನೇ ಮತ್ತೆ ಮತ್ತೆ ಕರೆಯುತ್ತ ಕೂತುಬಿಟ್ಟಿತು. ಆಗ ನನಗೆ ತಿಳಿಯಿತು. ಸರ್ವಿಸ್‌ಗೆ ಏನೂ ಆಗಿರಲಿಲ್ಲ. ಅದು ಒಂದು ಮನೆಗಾಗಿ ಕಾಯುತ್ತಿತ್ತು. ಅದು ಇನ್ನೂ ಕಾಯುತ್ತಿರುವಾಗಲೇ ಮುಕಾದಮ ‘ಇದು ಏಳಲಿಲ್ಲ’ ಎಂದುಕೊಂಡು ಕೆಡವಿ, ಮುಂದಿನ ಯಂತ್ರವನ್ನು ಕರೆಯುತ್ತಿತ್ತು. ಅಲ್ಲಿಯೂ ಅದೇ ಕಾಯುವಿಕೆ, ಅದೇ ಕೆಡವುವಿಕೆ.

ಎಲ್ಲ ಮನೆಗಳೂ ಓ ಎಂದ ಮೇಲೆಯೇ ಕಂಬಗಳು ಬಾಯಿ ಬಿಡಬೇಕೆಂದು ಊರಿನ ಸಭೆಯಲ್ಲೇ ಠರಾವಾಗಿತ್ತು. ಒಂದು ಮನೆಯೂ ಬಿಟ್ಟುಹೋಗಬಾರದೆಂಬ ಒಳ್ಳೆಯ ಮನಸ್ಸಿನ ಠರಾವು ಅದು. ಇಷ್ಟು ವರ್ಷ ಯಾವ ಮನೆಯೂ ತಪ್ಪಿಸಿಕೊಂಡಿರಲಿಲ್ಲವಾಗಿ ಯಾರಿಗೂ ಅದರ ಇನ್ನೊಂದು ಮಗ್ಗುಲು ಕಂಡಿರಲಿಲ್ಲ.

“ಯಾವ ಮನೀರಿ ಅದು?” ಎಂದು ಇಸ್ಮಾಯಿಲ್ ನನ್ನ ಹೆಗಲ ಮೇಲಿನಿಂದ ಇಣುಕಿದ.

“ಕೆಂಪು ಜಂತಿ ಮನಿ.”

“ಅದು ನಮ್ಮ ಮನಿ,” ಎಂಬ ದನಿ ಬಾಗಿಲಲ್ಲಿ ಕೇಳಿತು.

ನಿಂಬೆವ್ವ ಅಲ್ಲಿ ನಿಂತಿದ್ದಳು. ಗಿರಣಿಯಲ್ಲಿ ನೂಲು ಸುತ್ತುವ ಹುಡುಗಿ. ಬಾಣಂತನ ಮುಗಿಸಿ ಆ ವಾರವಷ್ಟೇ ಕೆಲಸಕ್ಕೆ ಮರಳಿದ್ದಳು. ತಲೆಗೂದಲಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಸೆರಗನ್ನು ಎದೆಯ ಮೇಲೆ ಎರಡು ಸುತ್ತು ಎಳೆದುಕೊಂಡು, ತೋಳುಗಳಿಂದ ಒತ್ತಿ ಹಿಡಿದಿದ್ದಳು. ಗಂಡ ಲಾರಿಯ ಮೇಲೆ ದೂರದ ಊರಿಗೆ ಹೋಗಿದ್ದ. ಕೂಸನ್ನು ಅತ್ತೆ ಸಂಗವ್ವ ನೋಡಿಕೊಳ್ಳುತ್ತಿದ್ದಳು.

“ಯಕ್ಕಾ, ನಮ್ಮ ಮನಿ ಯಾಕ ಓ ಅನವಲ್ತು? ಕೂಸು ಹಸದಿರತೈತಿ. ಮುಂಜಾನಿ ಕುಡಿಸಿ ಬಂದಾಕಿ ನಾ,” ಎಂದಳು.

ನಾನು ಎದ್ದು ಕುರ್ಚಿ ಕೊಟ್ಟೆ. ಅವಳು ಕೂರಲಿಲ್ಲ. ರಾಚಪ್ಪನವರು ಕಿಟಕಿಯ ಹೊರಗಿನ ಜನರನ್ನೂ ಅವಳನ್ನೂ ನೋಡಿ, ದನಿ ತಗ್ಗಿಸಿ ಕೇಳಿದರು: “ಬಾಯಾರ, ಆ ಒಂದು ಮನಿ ಹೆಸರು ತಗದ್ರ ಉಳದಾವು ನಡೀತಾವೇನು?”

“ನಡೀತಾವ್ರಿ. ಆದ್ರ ಹೆಸರು ತಗದ್ರ ಅದನ್ನ ಯಾರೂ ಕರಿಯಂಗಿಲ್ಲ. ಕರೀಲಿಲ್ಲ ಅಂದ್ರ ಅದು ಓ ಅಂದ್ರೂ ನಮಗ ಕೇಳಂಗಿಲ್ಲ.”

ನಿಂಬೆವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಯಾರೋ ತಮ್ಮ ಮನೆಯ ದಾರಿ ಹೇಳಿರೆಂದು ಕೂಗುತ್ತಿದ್ದರು. ಅವರ ಮನೆಗಳಲ್ಲಿಯೂ ಕೂಸುಗಳಿದ್ದವು, ಒಲೆಗಳಿದ್ದವು. ರಾಚಪ್ಪನವರ ಮಾತು ಕೆಟ್ಟ ಮಾತೇನಲ್ಲ, ಆದರೆ ಆ ಹುಡುಗಿಯ ಎದುರಿಗೆ ಅವಳ ಮನೆಯ ಹೆಸರು ಅಳಿಸಲು ನನ್ನ ಬೆರಳು ಏಳಲಿಲ್ಲ.

“ಇನ್ನೊಂದು ದಾರಿ ಐತ್ರಿ,” ಎಂದೆ. “ಅದಕ್ಕ ಕಾಯೂದು ಬಿಡೂಣು. ಕರಿಯೂದು ಬಿಡೂದು ಬ್ಯಾಡ.”

ಅದು ಹೇಳಿದಷ್ಟು ದೊಡ್ಡ ಕೆಲಸವೇನಲ್ಲ. ಸರ್ವಿಸ್ ಏಳುವ ಮುಂಚೆ ಏನೇನು ಕೂಡಿಬರಬೇಕೆಂದು ಯಂತ್ರಕ್ಕೆ ಬರೆದುಕೊಡುವಾಗ ಎರಡು ಬಗೆಯಲ್ಲಿ ಬರೆಯಬಹುದು. ‘ಇದು ಬೇಕೇ ಬೇಕು’ ಎಂದು ಬರೆದರೆ ಅದು ಬರುವವರೆಗೂ ಏಳುವುದಿಲ್ಲ. ‘ಇದು ಬಂದರೆ ಒಳ್ಳೆಯದು’ ಎಂದು ಬರೆದರೆ ಕರೆದು ನೋಡುತ್ತದೆ, ಬಾರದಿದ್ದರೂ ಎದ್ದು ನಿಲ್ಲುತ್ತದೆ, ತಡವಾಗಿ ಬಂದವರನ್ನು ಒಳಗೆ ಸೇರಿಸಿಕೊಳ್ಳುತ್ತದೆ. ನಮ್ಮಲ್ಲಿ ಪ್ರತಿ ಮನೆಯ ಮುಂದೆಯೂ ಬೇಕೇ ಬೇಕು ಎಂದಿತ್ತು. ಅದನ್ನು ಬದಲಿಸಿದೆ. ಒಂದು ಯಂತ್ರದಲ್ಲಿ ಮಾತ್ರ ಬದಲಿಸಿದರೆ ಸಾಲದು. ನಾಳೆ ಅದು ಕುಸಿದಾಗ ಇನ್ನೊಂದು ಹಳೆಯ ಹಟ ಹಿಡಿದು ಕೂರುತ್ತದೆ. ಮೂರರಲ್ಲಿಯೂ ಬದಲಿಸಿ, ಕೈಯಿಂದ ಎಬ್ಬಿಸಿದ್ದನ್ನು ನಿಲ್ಲಿಸಿ, ಹಳೆಯ ಸೋಲುಗಳನ್ನೆಲ್ಲ ಒರೆಸಿ, ಮುಕಾದಮನನ್ನು ಮತ್ತೆ ಕೆಲಸಕ್ಕೆ ಕರೆದೆ. ವಾಚನಾಲಯದಲ್ಲಿ ಸರ್ವಿಸ್ ಎದ್ದಿತು. ಬೀಳುತ್ತದೇನೋ ಎಂದು ನೋಡುತ್ತಲೇ ಇದ್ದೆವು, ಬೀಳಲಿಲ್ಲ.

ಹೊರಗಿನ ಕಂಬ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ, ಯಾರೋ ಕೇಳಿದ್ದಕ್ಕೆ ಉತ್ತರ ಹೇಳಿತು. ಚೌಕದಲ್ಲಿ ಹೋ ಎಂದು ಕೂಗೆದ್ದಿತು. ಒಬ್ಬೊಬ್ಬರೂ ಹೆಸರು ಹೇಳಿ ದಾರಿ ಕೇಳಿಕೊಂಡರು. ರಾಚಪ್ಪನವರೂ ಕೇಳಿದರು. ಅವರ ಮನೆ ಎದುರಿನ ಓಣಿಯಲ್ಲೇ, ಮೂರು ಹೆಜ್ಜೆ ಅಂತರದಲ್ಲಿ ನಿಂತಿತ್ತು. ಕೊನೆಗೆ ನಿಂಬೆವ್ವ ಕಂಬದ ಮುಂದೆ ಹೋಗಿ, “ಕೆಂಪು ಜಂತಿ ಮನಿ,” ಎಂದಳು. “ಇನ್ನೂ ಓ ಎಂದಿಲ್ಲ. ಕರೆಯುತ್ತಿದ್ದೇನೆ,” ಎಂದಿತು ಕಂಬ.

ಹೊರಟಿದ್ದ ಜನ ನಿಂತರು. ವಿಷಯ ಬಾಯಿಂದ ಬಾಯಿಗೆ ಹೋಯಿತು. ಹಾಗಲಕಾಯಿಯ ಚೀಲವನ್ನು ನನ್ನ ಮೇಜಿನ ಮೇಲಿಟ್ಟು ರಾಚಪ್ಪನವರು ಮೆಟ್ಟಿಲ ಮೇಲೆ ನಿಂತರು. “ಎಲ್ಲಾರೂ ಮನಿಗೆ ಹೋಗ್ರಿ. ಹೋದ ಕೂಡಲೇ ಮಾಳಗಿ ಹತ್ತಿ, ಮಗ್ಗಲಕ ಯಾರ ಮನಿ ಬಂದೇತಿ ಅಂತ ಕೂಗಿ ಹೇಳ್ರಿ. ಕೆಂಪು ಜಂತಿ ಮನಿ ಕಂಡ್ರ ಇಲ್ಲೀತನಕ ಕೇಳಬೇಕು!” ಎಂದರು. ಸಂಜೆ ಮನೆಗೆ ಹೋದವರು ಮೊದಲು ನೋಡುವುದೇ ಪಕ್ಕದಲ್ಲಿ ಯಾರಿದ್ದಾರೆಂದು. ಅವತ್ತು ಅದನ್ನು ಕೂಗಿ ಹೇಳಬೇಕಿತ್ತು, ಅಷ್ಟೇ.

ಬಿಸಿಲು ಹಳದಿಯಾಗುವ ಹೊತ್ತಿಗೆ ಊರಿನ ಮಾಳಿಗೆಗಳೆಲ್ಲ ತುಂಬಿಹೋದವು. ಅಂಥ ಗದ್ದಲವನ್ನು ನಾನು ಹಿಂದೆ ಕೇಳಿರಲಿಲ್ಲ. “ನಮ್ಮ ಎಡಕ ಬಳಿಗಾರರ ಮನಿ!” “ನಮ್ಮ ಬಲಕ ಡಾಕ್ಟರ್ ಮನಿ, ಎಡಕ ಖಾಲಿ!” “ನಮ್ಮ ಹಿಂದ ನಮ್ಮ ಬೀಗರ ಮನಿ ಬಂದೇತ್ರೋ, ಆರು ತಿಂಗಳಾಗಿತ್ತು ನೋಡಿ!” ಒಂದು ಮಾಳಿಗೆಯವರು ಹೇಳಿದ್ದನ್ನು ಮುಂದಿನ ಮಾಳಿಗೆಯವರು ದಾಟಿಸುತ್ತಿದ್ದರು. ರಾಚಪ್ಪನವರ ಬೀಗರು ಬಂದ ಬಟ್ಟೆಯಲ್ಲೇ ಏಣಿ ಹತ್ತಿ, ಪರವೂರಿನವರಾದರೂ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. ಪುರಸಭೆಯ ಮಾಳಿಗೆಯ ಮೇಲೆ ನಾನು, ಇಸ್ಮಾಯಿಲ್, ನಿಂಬೆವ್ವ ನಿಂತು ಕೇಳಿಸಿಕೊಂಡೆವು. ಎಲ್ಲ ಓಣಿಗಳ ಮಾತೂ ಬಂತು. ಕೆಂಪು ಜಂತಿ ಮನೆ ಯಾರ ಮಗ್ಗುಲಲ್ಲಿಯೂ ಇರಲಿಲ್ಲ.

ನಿಂಬೆವ್ವನ ತುಟಿಗಳು ಒಣಗಿದ್ದವು. ಎದೆಯ ಮೇಲಿನ ಸೆರಗು ಒದ್ದೆಯಾಗಿತ್ತು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಮನೆ ಊರು ಬಿಟ್ಟು ಹೋಗಿದ್ದರೆ? ಅಂಥದ್ದು ಯಾವತ್ತೂ ಆಗಿರಲಿಲ್ಲ. ಆದರೆ ಮನೆಯೊಂದು ಓ ಎನ್ನದಿರುವುದೂ ಯಾವತ್ತೂ ಆಗಿರಲಿಲ್ಲ.

ಆಗ ದೂರದಿಂದ, ಗಿರಣಿಯ ಕಡೆಯ ಓಣಿಯಿಂದ, ಒಂದು ಮಾತು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಬಂತು. ನಮಗೆ ತಲುಪುವಷ್ಟರಲ್ಲಿ ಅದು ಅರ್ಧ ಸವೆದಿತ್ತು. “ಗಿರಣಿ... ಗ್ವಾಡಿ ಒಳಗ... ಹೊಗಿ!”

“ಗಿರಣೀಗೆ ಬೆಂಕಿ ಬಿತ್ತೇನ್ರೋ!” ಎಂದು ಇಸ್ಮಾಯಿಲ್ ಕೂಗಿ ಕೇಳಿದ. ಉತ್ತರ ಮತ್ತೆ ಹಾರಿ ಬಂತು. “ಬೆಂಕಿ ಅಲ್ಲೋ! ಒಲಿ ಹೊಗಿ! ಸಣ್ಣ ಹೊಗಿ!”

ನಿಂಬೆವ್ವ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ನಾವು ಅವಳ ಹಿಂದೆ ಓಡಿದೆವು. ದಾರಿಯಲ್ಲಿ ಒಂದೊಂದು ಬಾಗಿಲಿನಿಂದಲೂ ಒಬ್ಬಿಬ್ಬರು ಕೂಡಿಕೊಂಡು, ಗಿರಣಿ ಮುಟ್ಟುವಷ್ಟರಲ್ಲಿ ದಿಬ್ಬಣದಂತಾಗಿತ್ತು. ಕಾವಲುಗಾರ ದೊಡ್ಡ ಬಾಗಿಲು ಹಾಕಿ ಬೀಗ ಜಡಿದು ಕೂತಿದ್ದ. “ಒಳಗ ಯಾರೂ ಇಲ್ರಿ. ಎಲ್ಲಾರೂ ಮುಂದಿನ ಬಾಗಲಾ ಹಿಡದ ಹೋದ್ರು,” ಎಂದ.

“ಹಿತ್ತಲ ನೋಡೀರೇನು?” ಎಂದು ನಾನು ಕೇಳಿದೆ.

“ಹಿತ್ತಲದಾಗ ಹತ್ತಿ ಅಂಡಗಿ ಅದಾವು. ಅದನ್ಯಾಕ ನೋಡೂದ್ರಿ?”

ಬೀಗ ತೆಗೆಸಿ, ಆರಿದ ಯಂತ್ರಗಳ ನಡುವೆ ಹಾದು ಹಿಂದಿನ ಬಾಗಿಲು ತೆರೆದೆವು. ಹತ್ತಿ ತುಂಬಿ ಬಿಗಿದ ಅಂಡಿಗೆಗಳ ನಡುವೆ, ಎತ್ತರದ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು, ತಗಡಿನ ಚಪ್ಪರದ ಕೆಳಗೆ ಮೈ ಮುದುಡಿಕೊಂಡು ಕೆಂಪು ಜಂತಿ ಮನೆ ನಿಂತಿತ್ತು. ಕಿಟಕಿಯಿಂದ ಒಲೆಯ ಹೊಗೆ ಬರುತ್ತಿತ್ತು. ಕಟ್ಟೆಯ ಮೇಲೆ ಸಂಗವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು. ಕೂಸು ಅತ್ತತ್ತು ಕೆಂಪಗಾಗಿತ್ತು.

“ಈಗ ಬಂದೇನ? ಮಧ್ಯಾನದಾಗಿಂದ ಒದರಾಕ ಹತ್ತೇನಿ. ಆ ಮಶೀನ ಸಪ್ಪಳದಾಗ ಯಾರಿಗಿ ಕೇಳಬೇಕು? ಅವು ನಿಂತ ಮ್ಯಾಲ ಒಳಗ ಯಾರೂ ಉಳೀಲಿಲ್ಲ. ಇಲ್ಲೇ ಗ್ವಾಡಿ ಆಚಿಕ ನೀ ದುಡಿಯಾಕಿ, ಈಚಿಕ ನಾ ಒದರಾಕಿ,” ಎಂದಳು ಸಂಗವ್ವ. “ಎರಡ ಚಮಚಾ ಸಕ್ಕರಿ ನೀರು ಹಾಕೇನಿ. ಅದಕ್ಕ ಅದು ಬ್ಯಾಡಂತ. ಮುಂಜಾನಿ ಹಿಡದ ಹಟಾ ಮಾಡಿತ್ತು. ಮನಿಗೆ ತಡಕೊಳ್ಳಾಕ ಆಗ್ಲಿಲ್ಲ ಕಾಣತೈತಿ, ನಿನ್ನ ಹುಡುಕ್ಕೊಂಡ ಬಂದೇತಿ.”

ನಿಂಬೆವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅಳು ಒಮ್ಮೆಲೇ ನಿಂತಿತು. ಆಮೇಲೆ ಒಳಗಿನಿಂದ ಅವಳ ನಗು ಕೇಳಿಸಿತು, ಜೊತೆಗೇ ಅಳುವೂ. ಹೊರಗೆ ನಿಂತ ಅಷ್ಟು ಜನ ಗಂಡಸರು ಆಕಾಶ, ಅಂಡಿಗೆ, ಗೋಡೆ ಇವನ್ನೆಲ್ಲ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಇಸ್ಮಾಯಿಲ್ ಜಂತಿಯಿಂದ ಓ-ಡಬ್ಬಿಯನ್ನು ಬಿಚ್ಚಿ ನೋಡಿದ. ಅದು ಸರಿಯಾಗಿಯೇ ಇತ್ತು. ಸುತ್ತ ದಪ್ಪ ಕಲ್ಲು, ಮೇಲೆ ತಗಡು. ಅದು ಓ ಎಂದದ್ದು ಹೊರಗೆ ಹೋಗಿರಲಿಲ್ಲ. ಅವನು ಡಬ್ಬಿ ಹಿಡಿದು ಚಪ್ಪರದ ಮೇಲೆ ಹತ್ತಿ, ಕೈ ಎತ್ತಿ ನಿಂತ. ಗಿರಣಿಯ ಮುಂದಿನ ಕಂಬ, ಯಾರೂ ಕೇಳದಿದ್ದರೂ, ಮನೆ ಬಂದು ಸೇರಿದ್ದನ್ನು ಹೇಳಿತು: “ಕೆಂಪು ಜಂತಿ ಮನೆ. ನೂಲಿನ ಗಿರಣಿ, ಹಿಂದಿನ ಅಂಗಳ.” ಸರ್ವಿಸ್ ನಿಂತಿರಲಿಲ್ಲ, ಮತ್ತೆ ಏಳಬೇಕಾಗಿಯೂ ಬರಲಿಲ್ಲ. ತಡವಾಗಿ ಬಂದ ಮನೆಗೆ ಸರಿದು ಜಾಗ ಕೊಟ್ಟಿತ್ತು. ನಾನು ಅಂಡಿಗೆಯ ಮೇಲೆ ಕೂತು ಹೊಟ್ಟೆ ತುಂಬ ನಕ್ಕೆ. ಸಂಗವ್ವ ಬಂದವರಿಗೆಲ್ಲ ಚಹಾ ಇಟ್ಟಳು. ಬಟ್ಟಲು ಸಾಲದೆ ಸರದಿಯ ಮೇಲೆ ಕುಡಿದೆವು.

“ನಾಳಿನೂ ಇಲ್ಲೇ ನಿಂತ್ರ ಏನ್ ಮಾಡೂದ್ರಿ?” ಎಂದು ಕಾವಲುಗಾರ ರಾಚಪ್ಪನವರನ್ನು ಕೇಳಿದ. “ಹಿತ್ತಲ ಬಾಗಲಾ ತಗದಿಡು,” ಎಂದರು ಅವರು.

ಮನೆ ಮರುದಿನ ಮಧ್ಯಾಹ್ನವೂ ಅಲ್ಲಿಂದ ಕದಲಲಿಲ್ಲ. ಅದರ ಮರುದಿನವೂ. ಇಸ್ಮಾಯಿಲ್ ಗೋಡೆಯ ಮೇಲೊಂದು ಏರಿಯಲ್ ನಿಲ್ಲಿಸಿದ. ಗಿರಣಿಯವರು ಅಂಡಿಗೆಗಳನ್ನು ಒಂದು ಬದಿಗೆ ಸರಿಸಿದರು. ಚಹಾದ ಬಿಡುವಿನಲ್ಲಿ ನಿಂಬೆವ್ವ ಹಿಂದಿನ ಬಾಗಿಲಿಂದ ಹೋಗಿ ಕೂಸಿಗೆ ಹಾಲು ಕೊಟ್ಟು ಬರುತ್ತಿದ್ದಳು. ಕೂಸು ಅನ್ನ ಉಣ್ಣಲು ಕಲಿತ ಮೇಲೆ ಒಂದು ದಿನ ಮನೆ ಮತ್ತೆ ಓಣಿಗಳ ಪಾಳಿಗೆ ಮರಳಿತು. ಯಾರೂ ಅದಕ್ಕೆ ಹೇಳಿರಲಿಲ್ಲ.

ಈಗ ಆ ಕೂಸು, ಹೆಸರು ಪುಟ್ಟವ್ವ, ಓಡಾಡುತ್ತಾಳೆ. ಮೊನ್ನೆ ಸಂಜೆ ಅಜ್ಜಿಯ ಕೈ ತಪ್ಪಿಸಿಕೊಂಡು ಪುರಸಭೆಯ ಮುಂದಿನ ಕಂಬದ ಬುಡಕ್ಕೆ ಬಂದು ನಿಂತಿದ್ದಳು. ಕಿಟಕಿಯಿಂದ ಕೇಳಿಸಿಕೊಂಡೆ.

“ನಮ್ಮ ಮನಿ ಎಲ್ಲೈತಿ?” ಎಂದಳು.

“ಮನೆಯ ಹೆಸರು ಹೇಳಿ,” ಎಂದಿತು ಕಂಬ.

“ನಮ್ಮವ್ವನ ಮನಿ.”

“ಆ ಹೆಸರಿನ ಮನೆ ಇಲ್ಲ. ಇನ್ನೊಮ್ಮೆ ಹೇಳಿ.”

“ನಮ್ಮವ್ವನ ಮನಿ!” ಎಂದು ಪುಟ್ಟವ್ವ ಕಾಲು ಅಪ್ಪಳಿಸಿದಳು.

ಕೆಂಪು ಜಂತಿ ಮನೆಗೆ ಆ ಹೆಸರನ್ನೂ ಸೇರಿಸಿಬಿಡಲೇ ಎಂದು ಇಸ್ಮಾಯಿಲನನ್ನು ಕೇಳಿದೆ. “ಸೇರಿಸಿ ನೋಡ್ರಿ ಅಕ್ಕಾರ. ಊರಾಗಿನ ಹುಡುಗುರೆಲ್ಲಾ ಹೋಗಿ ಸಂಗವ್ವನ ಮನಿಯಾಗ ಉಣ್ಣಾಕ ಕುಂದರತಾರು,” ಎಂದ ಅವನು. ಅದೂ ನಿಜವೇ. ನಾನು ಚಹಾದ ಬಟ್ಟಲು ಕೆಳಗಿಟ್ಟು ಹೊರಗೆ ಬಂದು, ಪುಟ್ಟವ್ವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅವಳ ಮನೆಯ ಸರಿಯಾದ ಹೆಸರನ್ನು ಕಂಬಕ್ಕೆ ಹೇಳಿದೆ. ಕಂಬ ದಾರಿ ಹೇಳಿತು. ಇಬ್ಬರೂ ಹೊರಟೆವು.